ಕಣ್ಣಿನ ಸುತ್ತ ಒಂದು ಬಿಳಿ ಗೆರೆ

ವಿನೋಬನಗರದ ಆ ಕ್ಲಿನಿಕ್ಕಿನ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುತ್ತಿದ್ದ ಪರಶುರಾಮ ತಲೆ ಎತ್ತಿದಾಗ, ಒಬ್ಬಳು ಹುಡುಗಿ ಅವನ ಕಣ್ಣನ್ನೇ ನೋಡುತ್ತಾ ನಿಂತಿದ್ದಳು.

ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದ. ಅವಳು ಇನ್ನೂ ನೋಡುತ್ತಲೇ ಇದ್ದಳು. ಬಿಳಿ ಕೋಟು, ತುರುಬಿಗೆ ಸಿಕ್ಕಿಸಿದ ಪೆನ್ನು, ಏನನ್ನೋ ಲೆಕ್ಕ ಹಾಕುತ್ತಿರುವಂತೆ ಕೂಡಿದ ಹುಬ್ಬು.

“ಒಂದ್ನಿಮಿಷ ಬೆಳಕಿಗೆ ಬರ್ತೀರಾ?” ಎಂದಳು.

ಕೈಯೊರೆಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಅವಳು ಗೇಣು ದೂರಕ್ಕೆ ಬಂದಳು. “ಮೇಲೆ ನೋಡಿ. ಹಾಂ. ಈಗ ನನ್ನನ್ನ ನೋಡಿ.” ಅವನು ನೋಡಿದ. ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಯಾರೂ ಅವನ ಕಣ್ಣಿನೊಳಗೆ ಇಷ್ಟು ಹೊತ್ತು ನೋಡಿರಲಿಲ್ಲ. ಕಿವಿ ಬೆಚ್ಚಗಾಯಿತು.

“ವಯಸ್ಸೆಷ್ಟು?”

“ಮೂವತ್ಮೂರು.”

“ಮದುವೆ?”

“ಆಗಿಲ್ಲ.” ಅಂಗಿಯ ತೋಳು ಕೆಳಗೆಳೆದುಕೊಂಡು, ಕೇಳದಿದ್ದರೂ ಸೇರಿಸಿದ, “ಭದ್ರಾವತೀಲಿ ಬ್ಯಾಟರಿ ಅಂಗಡಿ ಇದೆ. ಸ್ವಂತದ್ದು.”

ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. “ಮನೇಲಿ ಯಾರ್ಯಾರಿದ್ದೀರಿ?”

“ಅಮ್ಮ, ನಾನು. ಅಕ್ಕ ಮದುವೆ ಆಗಿ ಅದೇ ಬೀದೀಲಿದ್ದಾಳೆ.”

“ಅಪ್ಪ?”

“ಇಲ್ಲ.”

“ಎಷ್ಟನೇ ವಯಸ್ಸಿಗೆ ಹೋದ್ರು? ಏನಾಗಿತ್ತು?”

ಪರಶುರಾಮನ ಮುಖದಲ್ಲಿ ಅಷ್ಟು ಹೊತ್ತು ಮೂಡುತ್ತಿದ್ದ ನಗು ಅಲ್ಲಿಗೇ ನಿಂತಿತು. “ಯಾಕೆ ಕೇಳ್ತಿದ್ದೀರಿ?”

“ನಿಮ್ಮ ಕರಿಗುಡ್ಡೆಯ ಅಂಚಿಗೆ ಒಂದು ಬಿಳಿ ಗೆರೆ ಇದೆ. ಅಜ್ಜಂದಿರ ಕಣ್ಣಲ್ಲಿ ಇರುತ್ತಲ್ಲ, ಆ ಥರದ್ದು. ನಿಮ್ಮ ವಯಸ್ಸಿಗೆ ಇರಬಾರದು. ಅದಕ್ಕೇ ನೋಡ್ತಿದ್ದೆ.”

“ಅದಕ್ಕೇನಾ,” ಎಂದ ಅವನು. ಆ ಮಾತಿನಲ್ಲಿದ್ದ ನಿರಾಸೆ ಅವನಿಗೇ ನಾಚಿಕೆ ತಂದಿತು.

ಒಳಗಿನ ಕೋಣೆಯಿಂದ ಕ್ಲಿನಿಕ್ಕಿನ ಯಜಮಾನಿ ಡಾಕ್ಟರ್ ದಾಕ್ಷಾಯಣಿಯವರ ಧ್ವನಿ ಬಂತು. “ಗಗನಾ, ಕರೆಂಟ್ ಕೆಲಸಕ್ಕೆ ಬಂದವರನ್ನೂ ಬಿಡಲ್ವಾ ಮಾರಾಯ್ತಿ?”

ಕಾಯುತ್ತಾ ಕೂತಿದ್ದವರು ನಕ್ಕರು. ಗಗನಾ ಆ ಕ್ಲಿನಿಕ್ಕಿಗೆ ಹೊಸದಾಗಿ ಬಂದ ಡಾಕ್ಟರು. ಬಂದ ದಿನದಿಂದ ಅವಳದೊಂದು ಹಟ. ಜ್ವರಕ್ಕೆ ಬಂದವರಿರಲಿ, ಕೆಮ್ಮಿಗೆ ಬಂದವರಿರಲಿ, ಅಪ್ಪ ಅಮ್ಮ ಅಜ್ಜ ಅಜ್ಜಿಗೆ ಏನು ಕಾಯಿಲೆ ಇತ್ತು, ಎಷ್ಟನೇ ವಯಸ್ಸಿಗೆ ಹೋದರು ಎಂದು ಕೇಳದೆ ಕಳಿಸುತ್ತಿರಲಿಲ್ಲ. ಅನುಮಾನ ಬಂದರೆ ಜೆನೆಟಿಕ್ ಟೆಸ್ಟ್ ಮಾಡಿಸೋಣ ಎನ್ನುತ್ತಿದ್ದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಮೇಲೆ ಮಾಡುವ ಪರೀಕ್ಷೆ, ಕಾಯಿಲೆ ಬೀಳುವ ಮುಂಚೆ ನಮ್ಮ ಬೀದಿಯ ಕ್ಲಿನಿಕ್ಕಲ್ಲೇ ಶುರುವಾಗಬೇಕು ಎಂಬುದು ಅವಳ ವಾದ. “ಒಂದು ಮಾತ್ರೆ ಕೇಳಿದ್ರೆ ಮೂರು ತಲೆಮಾರು ಕೇಳ್ತಾಳೆ,” ಎಂದು ಪಕ್ಕದ ಮನೆಯ ಚೌಡಮ್ಮ ಅಲ್ಲೇ ಬೆಂಚಿನ ಮೇಲಿಂದ ಗೊಣಗಿದಳು.

ಪರಶುರಾಮ ಉತ್ತರ ಕೊಡದೆ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟ.

ಉತ್ತರ ಗೊತ್ತಿಲ್ಲದೆ ಅಲ್ಲ. ಭದ್ರಾವತಿಯ ಅವನ ಮನೆಯ ನಡುಕೋಣೆಯ ಗೋಡೆಯ ಮೇಲೆ ಮೂರು ಫೋಟೋ ಇದ್ದವು. ಅಜ್ಜ, ದೊಡ್ಡಪ್ಪ, ಅಪ್ಪ. ಮೂವರಲ್ಲಿ ಒಬ್ಬರ ತಲೆಯಲ್ಲೂ ಬಿಳಿ ಕೂದಲಿರಲಿಲ್ಲ. ಎಲ್ಲರಿಗೂ ಎದೆನೋವು. ಯಾರೂ ನಲವತ್ತೈದು ದಾಟಿರಲಿಲ್ಲ. ಅಪ್ಪ ಕಾರ್ಖಾನೆಯಿಂದ ಬಂದು, ಸೈಕಲ್ ನಿಲ್ಲಿಸಿ, ಹಾಗೇ ಜಗುಲಿಯ ಮೇಲೆ ಒರಗಿದಾಗ ಪರಶುರಾಮ ಐದನೇ ಕ್ಲಾಸಿನಲ್ಲಿದ್ದ. ಆ ಪೀಳಿಗೆಯಲ್ಲಿ ಉಳಿದವನೆಂದರೆ ಚಿಕ್ಕಪ್ಪ ಕಲ್ಲಪ್ಪ ಒಬ್ಬನೇ. ಈಗ ಅರವತ್ತರ ಹತ್ತಿರ. ಅವನನ್ನು ಮನೆಯವರು ಒಡೆದುಹೋಗುವ ಪಾತ್ರೆಯಂತೆ ನೋಡಿಕೊಳ್ಳುತ್ತಿದ್ದರು. ಅವನೂ ತನ್ನನ್ನು ಹಾಗೇ ನೋಡಿಕೊಳ್ಳುತ್ತಿದ್ದ.

ನಮ್ಮ ಮನೆ ಗಂಡಸರ ಹಣೆಬರಹ ಇಷ್ಟೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಪರಶುರಾಮನೂ ಒಪ್ಪಿಕೊಂಡು, ಮದುವೆಯ ಮಾತು ಬಂದಾಗಲೆಲ್ಲ ಅಮ್ಮ ಬಂಗಾರಮ್ಮನಿಗೆ ಒಂದೇ ಉತ್ತರ ಕೊಡುತ್ತಿದ್ದ. “ನಿನ್ನಂಥ ಇನ್ನೊಬ್ಬಳನ್ನ ನಾನು ಈ ಮನೆಗೆ ತರಲ್ಲ ಅಮ್ಮ.”

ಅಂದು ಸಂಜೆ ಕನ್ನಡಿಯ ಮುಂದೆ ನಿಂತು ಕಣ್ಣರಳಿಸಿ ನೋಡಿಕೊಂಡ. ಗೆರೆ ಇತ್ತು. ಇಷ್ಟು ವರ್ಷ ಅದು ತನ್ನ ಕಣ್ಣಿನ ಬಣ್ಣ ಎಂದುಕೊಂಡಿದ್ದ.

*

ಒಂದು ವಾರದ ಮೇಲೆ ಫೋನ್ ಬಂತು. “ಇನ್ವರ್ಟರ್ ಬೀಪ್ ಹೊಡೀತಿದೆ,” ಎಂದಳು ಗಗನಾ.

ಬೈಕ್ ಹತ್ತಿ ಬಂದ. ಇನ್ವರ್ಟರ್ ಸುಮ್ಮನಿತ್ತು. “ಈಗ ತಾನೇ ನಿಂತ್ಹೋಯ್ತು,” ಎಂದಳು. ಮತ್ತೊಂದು ವಾರಕ್ಕೆ ಅದೇ ಫೋನು, ಅದೇ ಮೌನ. ಮೂರನೇ ಸಲ ಬಂದವನು ಪೆಟ್ಟಿಗೆ ಬಿಚ್ಚಲೇ ಇಲ್ಲ.

“ಇದಕ್ಕೇನೂ ಆಗಿಲ್ಲ ಡಾಕ್ಟ್ರೇ. ನನ್ನನ್ನ ಯಾಕೆ ಕರೆಸ್ತಿದ್ದೀರಿ ಹೇಳಿ.”

“ನಿಮ್ಮ ರಕ್ತ ಬೇಕು.”

ಅವನಿಗೆ ನಗು ಬಂತು. “ಇಷ್ಟು ನೇರವಾಗಿ ಕೇಳೋದಾದ್ರೆ ಮೊದಲನೇ ಸಲವೇ ಕೇಳಬಹುದಿತ್ತಲ್ಲ.”

“ಮೊದಲನೇ ಸಲ ಕೇಳ್ದೆ. ಓಡಿಹೋದ್ರಿ.” ಅವಳು ಬೆಂಚಿನ ಮೇಲೆ ಕೂತು ಪಕ್ಕದ ಜಾಗ ತೋರಿಸಿದಳು. “ಕೇಳಿ. ರಕ್ತದಲ್ಲಿರೋ ಕೊಲೆಸ್ಟರಾಲ್‌ನ ಲಿವರ್ ಒಳಗೆ ಎಳ್ಕೊಂಡು ಖಾಲಿ ಮಾಡ್ತಾ ಇರುತ್ತೆ. ಕೆಲವು ಮನೆತನದಲ್ಲಿ ಹಾಗೆ ಎಳ್ಕೊಳ್ಳೋ ಬಾಗಿಲು ಅರ್ಧ ಮುಚ್ಚಿರುತ್ತೆ. ಹುಟ್ಟಿದಾಗಿಂದ. ಮೂವತ್ತು ನಲವತ್ತು ವರ್ಷಕ್ಕೆ ಹೃದಯದ ನಾಳ ಕಟ್ಕೊಳ್ಳುತ್ತೆ. ಒಂದು ಜೀನ್‌ನಲ್ಲಿ ಒಂದು ಸಣ್ಣ ತಪ್ಪು, ಅಷ್ಟೇ. ಅಪ್ಪನಿಗಿದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧ, ಬರದೇ ಇರೋ ಸಾಧ್ಯತೆ ಅರ್ಧ. ಗಂಡು ಹೆಣ್ಣು ಅಂತ ನೋಡಲ್ಲ.”

“ನಮ್ಮಲ್ಲಿ ಗಂಡಸರಿಗೆ ಮಾತ್ರ. ಅಜ್ಜ, ದೊಡ್ಡಪ್ಪ, ಅಪ್ಪ, ಯಾರೂ ನಲವತ್ತೈದು ದಾಟಲಿಲ್ಲ.”

“ಹೆಂಗಸರನ್ನ ಯಾರಾದ್ರೂ ಪರೀಕ್ಷೆ ಮಾಡಿಸಿದ್ದೀರಾ?”

ಅವನು ಬೆಂಚಿನ ಅಂಚಿಗೆ ಕೂತ. ಆಮೇಲೆ ಕೇಳಿದ, “ಇದೆ ಅಂತ ಗೊತ್ತಾದ್ರೆ ಏನು ಮಾಡೋದು?”

“ದಿನಕ್ಕೊಂದು ಮಾತ್ರೆ. ಬಹುಶಃ ಎರಡು. ಸಾಯೋವರೆಗೂ.”

“ಅದು ಯಾವಾಗ ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು,” ಎಂದ. ತಮಾಷೆ ಮಾಡಿದಂತೆ ಹೇಳಿದ. ಅವಳು ನಗಲಿಲ್ಲ.

ರಕ್ತ ಕೊಡದೆ ಹೋದ. ಆದರೆ ಮುಂದಿನ ವಾರ ಯಾರೂ ಕರೆಯದೆ ಬಂದ. “ಈ ಕಡೆ ಬಂದಿದ್ದೆ, ಬ್ಯಾಟರಿ ನೋಡ್ಕೊಂಡು ಹೋಗೋಣ ಅಂತ.” ಅದರ ಮುಂದಿನ ವಾರವೂ ಬಂದ. ದಾಕ್ಷಾಯಣಿ ಮೇಡಂ ಕನ್ನಡಕದ ಮೇಲಿಂದ ನೋಡಿ, “ನಮ್ಮ ಬ್ಯಾಟರಿಗೆ ಬಂದಿರೋ ಯೋಗ ನನಗೂ ಬರಲಿಲ್ಲ,” ಎಂದು ಒಳಗೆ ಹೋದರು.

ಒಂದು ಸಂಜೆ ಗಾಂಧಿ ಬಜಾರಿನಲ್ಲಿ ವೈರು ಕೊಳ್ಳಲು ಬಂದಿದ್ದವನಿಗೆ, ಬಟ್ಟೆ ಅಂಗಡಿಯ ಮುಂದೆ ನಿಂತು ಎರಡು ದುಪಟ್ಟಾಗಳ ನಡುವೆ ಸೋತುಹೋಗಿದ್ದ ಗಗನಾ ಸಿಕ್ಕಳು. ಹಸಿರು ಎಂದ ಇವನು. ಅವಳು ಹಳದಿ ತೆಗೆದುಕೊಂಡು, ಹಣ ಕೊಟ್ಟು, ಮತ್ತೆ ಒಳಗೆ ಹೋಗಿ ಹಸಿರಿಗೆ ಬದಲಾಯಿಸಿಕೊಂಡು ಬಂದಳು. ಇಬ್ಬರೂ ಹೋಟೆಲಿನಲ್ಲಿ ನಿಂತು ಕಾಫಿ ಕುಡಿದರು. ಜನ ತಳ್ಳಾಡಿದಾಗಲೆಲ್ಲ ಅವಳ ಮೊಣಕೈ ಇವನ ತೋಳಿಗೆ ತಾಗುತ್ತಿತ್ತು. ಇಬ್ಬರೂ ಸರಿದು ನಿಲ್ಲಲಿಲ್ಲ.

“ಇವತ್ತು ನನ್ನ ಕಣ್ಣು ನೋಡ್ತಿಲ್ಲ ನೀವು,” ಎಂದ.

“ನೋಡ್ತಾ ಇದ್ದೀನಿ.” ಅವಳು ಲೋಟದೊಳಗೆ ಊದಿದಳು. “ಬೇರೆ ಕಾರಣಕ್ಕೆ.”

ಅವತ್ತು ಭದ್ರಾವತಿಗೆ ಬೈಕಿನಲ್ಲಿ ಹೋಗುವಾಗ ಅವನಿಗೆ ದಾರಿಯುದ್ದಕ್ಕೂ ಸಂತೋಷವಾಗಿತ್ತು. ಮನೆಯ ಬಾಗಿಲು ತೆರೆದು ಗೋಡೆಯ ಮೇಲಿನ ಮೂವರನ್ನು ನೋಡಿದ ಕೂಡಲೇ ಹೆದರಿಕೆಯಾಯಿತು.

*

ಆ ಭಾನುವಾರ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗೋಣ ಎಂದವಳು ಗಗನಾ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದರೂ ಶಾಲೆಯ ಪ್ರವಾಸ ಬಿಟ್ಟರೆ ಮತ್ತೆ ಹೋಗಿಲ್ಲ ಎಂದಳು. ಜಾಲರಿ ಹಾಕಿದ ಸಫಾರಿ ಬಸ್ಸು ನಿಂತಾಗ ಪೊದೆಯ ಪಕ್ಕದಲ್ಲಿ ಸಿಂಹವೊಂದು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಮಕ್ಕಳು ಎಷ್ಟು ಕೂಗಿದರೂ ಏಳಲಿಲ್ಲ. ಗಗನಾ ಹಸಿರು ದುಪಟ್ಟಾ ಹೊದ್ದುಕೊಂಡಿದ್ದಳು. ಅವಳು ನಗುವುದನ್ನು ನೋಡುತ್ತಾ ನೋಡುತ್ತಾ ಪರಶುರಾಮ ಒಂದು ನಿರ್ಧಾರಕ್ಕೆ ಬಂದ.

ಬಸ್ಸಿನಿಂದ ಇಳಿದು ಬಿದಿರ ಮೆಳೆಯ ನೆರಳಿನಲ್ಲಿ ನಿಂತಾಗ ಹೇಳಿದ.

“ಗಗನಾ ಅವರೇ, ನಿಮ್ಮ ಮೇಲೆ ನನಗೆ ಮನಸ್ಸಾಗಿದೆ. ಅದಕ್ಕೇ ನಾಳೆಯಿಂದ ಬರಲ್ಲ.”

ಅವಳ ಕಣ್ಣಂಚು ಕೆಂಪಾಯಿತು. ಮಾತು ಬಂದಾಗ ಧ್ವನಿ ಮಾತ್ರ ಗಟ್ಟಿಯಾಗಿತ್ತು.

“ಇನ್ನೂ ಹನ್ನೆರಡು ವರ್ಷ ಇದೆ ಅಂತ ಲೆಕ್ಕ ಹಾಕಿದ್ದೀರಿ, ಅಲ್ವಾ?”

“ಅಪ್ಪ ಹೋದಾಗ ಅಮ್ಮನಿಗೆ ನಿಮ್ಮ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾನು ಕಣ್ಣಾರೆ ನೋಡಿದ್ದೀನಿ.”

“ನಿಮ್ಮ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ನಿಮಗೆ ನಾನು ಬಾಯಿ ಬಿಟ್ಟು ಹೇಳ್ತಿದ್ದೀನಿ. ಕೇಳೋಕೆ ಧೈರ್ಯ ಇಲ್ಲ ಅಂದ್ರೆ ಹಾಗನ್ನಿ. ನನ್ನನ್ನ ಕಾಪಾಡೋಕೆ ಬಿಟ್ಟು ಹೋಗ್ತಿದ್ದೀನಿ ಅನ್ನಬೇಡಿ.”

ಅವನು ಬೈಕ್ ತೆಗೆದ. ಅವಳನ್ನು ಮನೆಯ ತಿರುವಿನವರೆಗೆ ಬಿಟ್ಟ. ಇಳಿದು ಹೋಗುವಾಗ ಅವಳು ತಿರುಗಿ ನೋಡಲಿಲ್ಲ.

*

ಒಂದು ತಿಂಗಳು ಪರಶುರಾಮ ಶಿವಮೊಗ್ಗದ ಕೆಲಸಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಕ್ಕ ಪುಷ್ಪಾ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಬೆವತಿತ್ತು. ಅಮ್ಮ ಓಮದ ನೀರು ಕುಡಿಸುತ್ತಿದ್ದಳು.

“ಗ್ಯಾಸ್ ಕಣೋ ಪರಶು,” ಎಂದಳು ಪುಷ್ಪಾ. “ಬೆಳಿಗ್ಗೆ ಏನೂ ತಿಂದಿರಲಿಲ್ಲ. ಎದೆ ಮೇಲೆ ಯಾರೋ ಕಾಲಿಟ್ಟ ಹಾಗಾಗ್ತಿದೆ.”

“ಹೆಂಗಸರಿಗೆ ಅದೆಲ್ಲಿ ಬರುತ್ತೆ,” ಎಂದ ಕಲ್ಲಪ್ಪ ಚಿಕ್ಕಪ್ಪ, ಯಾರೂ ಬಾಯಿಬಿಟ್ಟು ಹೇಳದಿದ್ದುದಕ್ಕೆ ಉತ್ತರವೆಂಬಂತೆ. “ಸೋಡಾ ತರಿಸಿ.”

ಗಂಡು ಹೆಣ್ಣು ಅಂತ ನೋಡಲ್ಲ. ಆ ಮಾತು ಪರಶುರಾಮನ ತಲೆಯೊಳಗೆ ಯಾರೋ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಫೋನ್ ತೆಗೆದ. ಗಗನಾ ಮೊದಲ ರಿಂಗಿಗೇ ಎತ್ತಿದಳು. ಇವನು ಹೇಳಿದ್ದನ್ನು ಕೇಳಿ, ಹೇಗಿದ್ದೀರಿ ಎಂದೂ ಕೇಳಲಿಲ್ಲ.

“ಆಸ್ಪಿರಿನ್ ಇದೆಯಾ? ಇಲ್ದಿದ್ರೆ ಪಕ್ಕದ ಮೆಡಿಕಲ್‌ನಿಂದ ತರಿಸಿ, ಒಂದು ಅಗಿಯೋಕೆ ಹೇಳಿ. ನಡೆಸಬೇಡಿ. ಕಾರಿನಲ್ಲಿ ಹಾಕ್ಕೊಂಡು ನೇರ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊರಡಿ. ಅವರಿಗೆ ನಾನು ಈಗಲೇ ಫೋನ್ ಮಾಡ್ತೀನಿ. ಗೇಟಲ್ಲಿ ಇರ್ತೀನಿ.”

ಇದ್ದಳು. ಸ್ಟ್ರೆಚರ್ ಜೊತೆಗೇ ನಿಂತಿದ್ದಳು. ಪುಷ್ಪಾಳ ಹೃದಯದ ಒಂದು ನಾಳ ಪೂರ್ತಿ ಮುಚ್ಚಿತ್ತು. ಸ್ಟೆಂಟ್ ಹಾಕಿದ ಡಾಕ್ಟರು ಹೊರಬಂದು, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು. ಬಂಗಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಪುಷ್ಪಾಳಿಗೆ ನಲವತ್ತು ತುಂಬಿರಲಿಲ್ಲ.

ಕಾರಿಡಾರಿನಲ್ಲಿ ಪರಶುರಾಮ ಗಗನಾಳ ಪಕ್ಕ ಕೂತು, ಅಂಗಿಯ ತೋಳು ಮೇಲೆ ಮಡಚಿ ಕೈ ಚಾಚಿದ.

“ತೆಗೀರಿ ರಕ್ತ.”

ಅವಳು ಆ ಕೈಯನ್ನು ನೋಡಿದಳು. ಮಣಿಕಟ್ಟಿನ ಮೇಲೆ ಆಸಿಡ್ ಬಿದ್ದು ಸುಟ್ಟ ಹಳೆಯ ಕಲೆಗಳಿದ್ದವು. ಅದರ ಮೇಲೆ ಬೆರಳಿಟ್ಟು, ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು.

“ನಾಳೆ ಕ್ಲಿನಿಕ್‌ಗೆ ಬನ್ನಿ. ದಾಕ್ಷಾಯಣಿ ಮೇಡಂ ತೆಗೀತಾರೆ. ಇನ್ಮೇಲೆ ಅವರೇ ನಿಮ್ಮ ಡಾಕ್ಟರ್. ನಾನು ನೋಡೋ ಹಾಗಿಲ್ಲ.”

“ಯಾಕೆ?”

“ಯಾಕೆ ಅಂತ ನಿಮಗೆ ಗೊತ್ತು,” ಎಂದಳು, ಎದುರಿನ ಗೋಡೆ ನೋಡುತ್ತಾ. ಬೆರಳು ಮಾತ್ರ ಅಲ್ಲೇ ಇತ್ತು.

*

ಪರಶುರಾಮನ ಕೊಲೆಸ್ಟರಾಲ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ಇತ್ತು. ಬೆಂಗಳೂರಿನ ಲ್ಯಾಬಿನಿಂದ ಅಕ್ಕ ತಮ್ಮ ಇಬ್ಬರ ಜೀನ್ ಪರೀಕ್ಷೆಯ ವರದಿ ಬಂದಾಗ ದಾಕ್ಷಾಯಣಿ ಮೇಡಂ ಅವನನ್ನು ಕೂರಿಸಿ ಹೇಳಿದರು. “ಅಕ್ಕನಿಗೂ ನಿಮಗೂ ಒಂದೇ ತಪ್ಪು, ಒಂದೇ ಜಾಗದಲ್ಲಿ. ಈಗ ಅದಕ್ಕೊಂದು ಹೆಸರು ಸಿಕ್ತು. ಇನ್ನು ಮನೆಯವರಲ್ಲಿ ಅದೊಂದನ್ನೇ ಹುಡುಕಿದ್ರೆ ಸಾಕು.”

ಪರಶುರಾಮನಿಗೆ ವಿಚಿತ್ರವಾಗಿ ಸಮಾಧಾನವಾಯಿತು. ಇಷ್ಟು ವರ್ಷ ಕತ್ತಲಲ್ಲಿ ಕೈಯಾಡಿಸಿದವನಿಗೆ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಂತೆ. ಆಮೇಲೆ ಒಂದು ಪ್ರಶ್ನೆ ಬಂತು.

“ಅಪ್ಪನ ಕಾಲದಲ್ಲಿ ಈ ಮಾತ್ರೆ ಇತ್ತಾ ಮೇಡಂ?”

ದಾಕ್ಷಾಯಣಿಯವರು ಸುಳ್ಳು ಹೇಳಲಿಲ್ಲ. “ಇತ್ತು. ಯಾರೂ ಕೇಳ್ಲಿಲ್ಲ. ನಾವು ಡಾಕ್ಟರುಗಳೂ ಕೇಳ್ಲಿಲ್ಲ.”

ಅವನು ಬಹಳ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಗಗನಾ ಪಕ್ಕದಲ್ಲಿ ಕೂತಳು. ಕೊನೆಗೆ ಅವನೇ ಎದ್ದ.

“ನಮ್ಮ ಕಡೆಯೋರು ಎಷ್ಟು ಜನ ಇದ್ದೀವಿ ಗೊತ್ತಾ? ದೊಡ್ಡಪ್ಪನ ಮಕ್ಕಳು, ಅತ್ತೆಯಂದಿರು, ಅವರ ಮಕ್ಕಳು. ಎಲ್ಲರನ್ನೂ ಪರೀಕ್ಷೆ ಮಾಡಿಸ್ತೀನಿ.”

“ಬರ್ತಾರಾ?”

“ಬರೋ ಹಾಗೆ ಮಾಡ್ತೀನಿ.”

ಆದರೆ ಮೊದಲ ಮನೆಯಲ್ಲೇ ತಡೆ ಬಂತು. ಕಲ್ಲಪ್ಪನ ಮಗಳು ಸುಶ್ಮಿತಾಳಿಗೆ ಗಂಡು ನೋಡುತ್ತಿದ್ದರು. “ರಕ್ತ ಕೆಟ್ಟ ಮನೆ ಅಂತ ಊರಿಗೆಲ್ಲ ಡಂಗುರ ಹೊಡೀತೀಯೇನೋ?” ಎಂದ ಚಿಕ್ಕಪ್ಪ. “ನಾನು ಕೊಡಲ್ಲ. ನನ್ನ ಮಗಳೂ ಕೊಡಲ್ಲ. ಇನ್ನೊಂದ್ಸಲ ಈ ಮಾತೆತ್ತಿದ್ರೆ ನನ್ನ ಹೊಸ್ತಿಲು ತುಳಿಬೇಡ.” ಹಿರಿಯನೇ ಒಲ್ಲೆ ಎಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನೆಪ ಹೇಳಿದರು.

ಸೋತ ಮುಖ ಹೊತ್ತು ಬಂದ ಮಗನಿಗೆ ಅನ್ನ ಬಡಿಸುತ್ತಾ ಬಂಗಾರಮ್ಮ ಕೇಳಿದಳು. “ಆ ಡಾಕ್ಟ್ರು ಹುಡುಗಿ ಮನೆಗೆ ಬಂದು ರಕ್ತ ತೆಗೀತಾಳಾ?”

“ಬರ್ತಾಳೆ. ಯಾಕೆ?”

“ಹಿರಿಯರ ಹಬ್ಬಕ್ಕೆ ಎಲ್ಲರೂ ಇಲ್ಲಿಗೇ ಬರ್ತಾರಲ್ಲ. ಅವತ್ತು ಯಾರೂ ತಪ್ಪಿಸೋ ಹಾಗಿಲ್ಲ.”

*

ಹಬ್ಬದ ದಿನ ಮನೆ ತುಂಬಿತ್ತು. ಫೋಟೋಗಳ ಮುಂದೆ ಹೊಸ ಪಂಚೆ, ಶಲ್ಯ ಇಟ್ಟಿದ್ದರು. ಬಾಳೆಲೆಗಳ ಮೇಲೆ ಕಡುಬು, ವಡೆ, ಪಾಯಸ ಬಡಿಸಿ ಎಡೆ ಇಡಲು ಎಲ್ಲ ಸಿದ್ಧವಾಗಿತ್ತು. ಜಗುಲಿಯಲ್ಲಿ ಒಂದು ಟೇಬಲ್ ಹಾಕಿಕೊಂಡು ದಾಕ್ಷಾಯಣಿ ಮೇಡಂ ಮತ್ತು ಗಗನಾ ಕೂತಿದ್ದರು. ಅವರನ್ನು ನೋಡಿದ ಕೂಡಲೇ ಕಲ್ಲಪ್ಪ ಚಪ್ಪಲಿ ಹುಡುಕತೊಡಗಿದ.

ಬಂಗಾರಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೈದುನನ ಮುಂದೆ ಅವಳು ಯಾವತ್ತೂ ಎತ್ತರದ ಧ್ವನಿಯಲ್ಲಿ ಮಾತಾಡಿದವಳಲ್ಲ. ಅವತ್ತೂ ಆಡಲಿಲ್ಲ.

“ಪ್ರತಿ ವರ್ಷ ಇವರಿಗೆ ಎಡೆ ಇಡ್ತೀವಿ. ಅವರಿಗೆ ಇಷ್ಟ ಅಂತ ಕಡುಬು ಮಾಡ್ತೀವಿ. ಪುಷ್ಪಾಳನ್ನೂ ಈ ಗೋಡೆ ಮೇಲೆ ಹಾಕೋ ಹಾಗಾಗಿತ್ತು ಕಲ್ಲಪ್ಪ. ನನಗೆ ಇನ್ನು ಯಾರ ಫೋಟೋನೂ ಬೇಡ. ಇವತ್ತು ಮೊದಲು ಇರೋರ ಕೆಲಸ ಆಗ್ಲಿ. ಆಮೇಲೆ ಎಡೆ.”

ಪುಷ್ಪಾ ತನ್ನ ಹತ್ತು ವರ್ಷದ ಮಗಳನ್ನು, ಮನೆಯವರೆಲ್ಲ ಪುಟ್ಟಿ ಎಂದು ಕರೆಯುವವಳನ್ನು, ಕೈಹಿಡಿದು ತಂದು ಟೇಬಲ್ಲಿನ ಮುಂದೆ ಕೂರಿಸಿದಳು. ಅವಳ ಹಿಂದೆಯೇ ಸುಶ್ಮಿತಾ ಬಂದು ನಿಂತು ಬಳೆ ಮೇಲೆ ಸರಿಸಿದಳು.

“ಸುಶ್ಮಿತಾ,” ಎಂದ ಕಲ್ಲಪ್ಪ.

“ನನ್ನನ್ನ ನೋಡೋಕೆ ಬರೋರಿಗೆ ನಾನೇ ಹೇಳ್ತೀನಿ ಅಪ್ಪ. ಇದನ್ನ ಕೇಳಿ ಎದ್ದು ಹೋಗೋನು ಹೋಗ್ಲಿ. ನಾಳೆ ನನಗೆ ಎದೆನೋವು ಬಂದಾಗ ಅಂಥೋನು ಸೋಡಾ ಕುಡಿಸ್ತಾನೆ ಅಷ್ಟೇ.”

ಸೂಜಿ ಹಿಡಿದಿದ್ದ ಗಗನಾಳ ಕೈ ಒಂದು ಕ್ಷಣ ನಿಂತಿತು. ತಲೆ ಎತ್ತಿ ಜನರ ನಡುವೆ ಪರಶುರಾಮನನ್ನು ಹುಡುಕಿದಳು. ಅವನು ಅವಳನ್ನೇ ನೋಡುತ್ತಿದ್ದ. ಇಡೀ ಮನೆತನದ ಎದುರಿಗೆ ಇಬ್ಬರೂ ನೋಟ ತೆಗೆಯಲಿಲ್ಲ. ಬಂಗಾರಮ್ಮ ಅದನ್ನು ಕಂಡು, ಕಾಣದವಳಂತೆ ಅಡುಗೆಮನೆಗೆ ಹೋದಳು.

ಕೊನೆಗೆ ಉಳಿದವನು ಕಲ್ಲಪ್ಪ. ಬಂದು ಕೂತು ತೋಳು ಮುಂದೆ ಮಾಡಿದ. ಗಗನಾಳಿಗೆ ಮಾತ್ರ ಕೇಳುವಂತೆ ಹೇಳಿದ. “ಮಗಳ ಮದುವೆ ಅಂದಿದ್ದು ನೆಪ ಕಣಮ್ಮ. ನನಗೆ ಹೆದರಿಕೆ.”

“ಗೊತ್ತು ಚಿಕ್ಕಪ್ಪ,” ಎಂದಳು ಅವಳು. “ಕಣ್ಣು ಮುಚ್ಕೊಳ್ಳಿ. ಚುಚ್ಚಿದ್ದೂ ಗೊತ್ತಾಗಲ್ಲ.”

*

ವರದಿಗಳು ಬಂದಾಗ ಕೆಲವರಲ್ಲಿ ಇತ್ತು, ಕೆಲವರಲ್ಲಿ ಇರಲಿಲ್ಲ. ದೊಡ್ಡಪ್ಪನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇತ್ತು. ಪುಟ್ಟಿಗೆ ಇತ್ತು. ಪುಷ್ಪಾ ಅಂದು ಪೂರ್ತಿ ಅತ್ತಳು. ಪರಶುರಾಮ ಅವಳ ಪಕ್ಕ ಕೂತು ಹೇಳಿದ. “ಅಕ್ಕ, ನನಗೆ ಇವಳ ವಯಸ್ಸಿಗೇ ಗೊತ್ತಾಗಿದ್ರೆ, ನಿನಗೆ ಗೊತ್ತಾಗಿದ್ರೆ. ಇವಳಿಗೆ ಈಗಲೇ ಗೊತ್ತಾಯ್ತು. ಇವಳಿಗೆ ಆ ನೋವು ಬರದ ಹಾಗೆ ನೋಡ್ಕೊಳ್ಳೋಣ.” ಪುಷ್ಪಾ ಕಣ್ಣೊರೆಸಿಕೊಂಡು ಮಗಳ ಮೊದಲ ಮಾತ್ರೆಯನ್ನು ತಾನೇ ಬಿಡಿಸಿ ಕೊಟ್ಟಳು.

ಕಲ್ಲಪ್ಪನಲ್ಲಿ ಅದು ಇರಲಿಲ್ಲ. ಹಾಗಾಗಿ ಸುಶ್ಮಿತಾಳಲ್ಲೂ ಇರಲಿಲ್ಲ.

ದಾಕ್ಷಾಯಣಿ ಮೇಡಂ ಅದನ್ನು ಹೇಳಿದಾಗ ಅವನು ಮೂರು ಸಲ ಕೇಳಿ ಖಚಿತ ಮಾಡಿಕೊಂಡ. ಕುಣಿದಾಡುತ್ತಾನೆ ಎಂದುಕೊಂಡಿದ್ದ ಪರಶುರಾಮನಿಗೆ ಚಿಕ್ಕಪ್ಪ ಗೋಡೆ ಹಿಡಿದು ನಿಂತದ್ದು ಕಂಡಿತು. ಕಲ್ಲಪ್ಪ ಒಂದು ಕಾಲದಲ್ಲಿ ಕಾರ್ಖಾನೆಯ ವಾಲಿಬಾಲ್ ತಂಡದಲ್ಲಿದ್ದವನು. ಅಣ್ಣಂದಿರು ಹೋದ ಮೇಲೆ ಚೆಂಡು ಮುಟ್ಟಿರಲಿಲ್ಲ. ಓಡಿರಲಿಲ್ಲ. ಮೆಟ್ಟಿಲನ್ನೂ ನಿಂತು ನಿಂತು ಹತ್ತುತ್ತಿದ್ದ.

“ಹಾಗಾದ್ರೆ ನಾನು ಆಡಬಹುದಿತ್ತು,” ಎಂದ.

ಆ ಮಾತು ಪರಶುರಾಮನನ್ನು ಆ ದಿನ ಬಿಡಲಿಲ್ಲ. ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ವಿನೋಬನಗರಕ್ಕೆ ಬಂದ. ಗಗನಾ ಶಟರ್ ಎಳೆಯುತ್ತಿದ್ದಳು. ಅವನು ಕೈ ಕೊಟ್ಟು ಕೆಳಗೆಳೆದು ಬೀಗ ಹಾಕಿದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ನಿಂತು ಹೇಳಿದ.

“ಚಿಕ್ಕಪ್ಪನಿಗೆ ಇಲ್ಲ. ನನಗೆ ಇದೆ. ಇಷ್ಟು ವರ್ಷ ಇಬ್ಬರೂ ಒಂದೇ ಥರ ಬದುಕಿದ್ವಿ.”

ಅವಳು ಬೀಗದಿಂದ ಕೀ ತೆಗೆದಳು.

“ಇನ್ಮೇಲೆ ಹಾಗೆ ಬದುಕಲ್ಲ. ನಲವತ್ತೈದು ದಾಟ್ತೀನಾ ಗೊತ್ತಿಲ್ಲ. ದಾಟೋಕೆ ಏನೇನು ಮಾಡಬೇಕೋ ಅದನ್ನೆಲ್ಲ ಮಾಡ್ತೀನಿ. ನನ್ನ ಜೊತೆ ಇರ್ತೀರಾ? ಮದುವೆ ಆಗ್ತೀರಾ ಅಂತ ಕೇಳ್ತಿದ್ದೀನಿ.”

ಗಗನಾ ಬೀಗದ ಕೀಯನ್ನು ಬೆರಳಿನಲ್ಲಿ ತಿರುಗಿಸಿದಳು. “ತ್ಯಾವರೆಕೊಪ್ಪದಿಂದ ಮನೆಗೆ ಹೋಗಿ ನಾನು ಎಷ್ಟು ಅತ್ತೆ ಗೊತ್ತಾ?”

“ಇಲ್ಲ.”

“ಗೊತ್ತಿರಲಿ ಅಂತ ಹೇಳ್ದೆ.” ಮುಖ ಎತ್ತಿದಾಗ ಕಣ್ಣು ನಗುತ್ತಿತ್ತು, ತುಂಬಿಯೂ ಇತ್ತು. “ಇರ್ತೀನಿ. ನಮ್ಮಪ್ಪನ ಹತ್ರ ಬಂದು ಹೇಳಿ. ಏನೂ ಮುಚ್ಚಿಡಬಾರದು.”

*

ಗಗನಾಳ ತಂದೆ ಉಜ್ಜನಪ್ಪ ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮಾತನ್ನೂ ತೂಗಿಯೇ ಆಡುವವರು. ಪರಶುರಾಮ ಎಲ್ಲ ಹೇಳಿದ. ಅಜ್ಜ, ದೊಡ್ಡಪ್ಪ, ಅಪ್ಪ, ಅಕ್ಕ, ಪುಟ್ಟಿ, ತಾನು. ಉಜ್ಜನಪ್ಪ ಕೊನೆಯವರೆಗೂ ಕೇಳಿದರು.

“ಇವಳಿಗೆ ಬೇರೆ ಸಂಬಂಧಗಳೂ ಬರ್ತಿವೆ. ಅವರ ಮನೇಲಿ ಏನಿದೆ ಅಂತ ಯಾರೂ ಹೇಳಿಲ್ಲ. ನೀನು ಕೇಳೋಕೆ ಮುಂಚೆ ಹೇಳ್ತಾ ಇದ್ದೀಯ.”

“ಮುಚ್ಚಿಟ್ಟು ಕೇಳೋಕೆ ಮನಸ್ಸು ಬರಲಿಲ್ಲ ಸಾರ್.”

“ನಾಳೆ ಮಕ್ಕಳಿಗೆ ಬಂದ್ರೆ?”

ಉತ್ತರ ಕೊಟ್ಟವಳು ಗಗನಾ. “ಅರ್ಧ ಸಾಧ್ಯತೆ ಇದೆ ಅಪ್ಪ. ಬಂದ್ರೆ ಚಿಕ್ಕಂದಿನಲ್ಲೇ ಗೊತ್ತಾಗುತ್ತೆ. ಮಾತ್ರೆ ತಗೊಂಡು ಎಲ್ಲ ಮಕ್ಕಳ ಥರ ಸ್ಕೂಲಿಗೆ ಹೋಗುತ್ತೆ, ಆಡುತ್ತೆ. ನಾನು ಎಲ್ಲ ಯೋಚನೆ ಮಾಡೇ ಹೇಳ್ತಿದ್ದೀನಿ.”

ಉಜ್ಜನಪ್ಪ ಕಿಟಕಿಯ ಆಚೆ ನೋಡುತ್ತಾ ಕೂತರು. “ನನಗೆ ಭಯ ಆಗ್ತಿದೆ,” ಎಂದರು ಕೊನೆಗೆ, ಯಾರಿಗೂ ನಾಚಿಕೊಳ್ಳದೆ.

“ನನಗೂ ಇದೆ ಸಾರ್,” ಎಂದ ಪರಶುರಾಮ.

ಉಜ್ಜನಪ್ಪ ತಿರುಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದರು. “ಭಯ ಇಟ್ಕೊಂಡೇ ಬಂದಿದ್ದೀಯ. ಅದು ಸಣ್ಣದಲ್ಲ.” ಎದ್ದು ಅಡುಗೆಮನೆಯ ಕಡೆ ನಡೆದರು. “ಕೂತ್ಕೋ. ಊಟ ಮಾಡ್ಕೊಂಡು ಹೋಗು.”

ಊಟ ಮುಗಿಸಿ ಹೊರಟವನನ್ನು ಬೀಳ್ಕೊಡಲು ಗಗನಾ ಗೇಟಿನವರೆಗೆ ಬಂದಳು. ಭದ್ರಾವತಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಶನಿವಾರದಿಂದ, ಬರುವವರೆಲ್ಲರ ಮನೆತನದ ಕಾಯಿಲೆ ಕೇಳಿ, ಬೇಕಾದವರಿಗೆ ಪರೀಕ್ಷೆ ಮಾಡಿಸಲು ಅವಳಿಗೆ ಅನುಮತಿ ಸಿಕ್ಕಿತ್ತು. ಅವಳ ಹಟ ಈಗ ವಿನೋಬನಗರದಿಂದ ಆಚೆಗೂ ಹೊರಟಿತ್ತು.

“ಶನಿವಾರ ನಿನ್ನ ಬೈಕಲ್ಲೇ ಬರ್ತೀನಿ,” ಎಂದಳು. “ನನಗೂ ಒಂದು ಹೆಲ್ಮೆಟ್ ತಗೊಂಡು ಬಾ.”

ಇಷ್ಟು ದಿನ ನೀವು ಎನ್ನುತ್ತಿದ್ದವಳು ಅಷ್ಟು ಸಲೀಸಾಗಿ ನಿನ್ನ, ಬಾ ಎಂದಿದ್ದನ್ನು ಪರಶುರಾಮ ಗಮನಿಸಿದ. ಬೈಕ್ ಸ್ಟಾರ್ಟ್ ಮಾಡಲು ಹೋದವನು ಕೈ ಹಿಂದೆಗೆದು, ಅವಳ ಕಡೆ ತಿರುಗಿದ.

“ತರ್ತೀನಿ ಕಣೆ,” ಎಂದ.